ಅಮ್ಮನ ಮಾತ್ರೆ ಚಟವಲ್ಲ

ಪ್ರಿಯ ಓದುಗರೆ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ನಿಮ್ಮ ಪತ್ರದಲ್ಲಿರುವುದು ಇಷ್ಟು. ಫಿಟ್ಸ್ ಇದ್ದ ಅಮ್ಮ 22 ವರ್ಷದಿಂದ ರಾತ್ರಿ ಗಾರ್ಡಿನಾಲ್ ನುಂಗುತ್ತಿದ್ದಾರೆ. ಅದು ಚಟ ಹಿಡಿಸುವ ಮಾತ್ರೆ ಅಂತ ಯಾವುದೋ ವಿಡಿಯೊದಲ್ಲಿ ನೋಡಿ ನಿಮ್ಮ ತಮ್ಮ ಸ್ಟ್ರಿಪ್ಪನ್ನೇ ಬಿಸಾಡಿದ. ಮೂರು ದಿನ ಏನೂ ಆಗಲಿಲ್ಲ. ಆರನೆಯ ದಿನ ಅಮ್ಮ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದರು. ಈಗ ಮತ್ತೆ ಮಾತ್ರೆ ಶುರುವಾಗಿದೆ. ಆದರೆ ನಾಚಿಕೆಯಿಂದ ಅದನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಾರೆ. "ಅಮ್ಮ ಅಡಿಕ್ಟ್ ಆಗಿದ್ದಾರಾ, ಹೇಗೆ ಬಿಡಿಸುವುದು?" ಎಂದು ಕೇಳಿದ್ದೀರಿ.

ಅಡಿಕ್ಟ್ ಆಗಿಲ್ಲ. ಇದನ್ನು ಮೊದಲು ಅಮ್ಮನ ಪಕ್ಕ ಕೂತು ಹೇಳಿ. ಹಾನಿ ಗೊತ್ತಿದ್ದೂ ಮನಸ್ಸು ಮತ್ತೆ ಮತ್ತೆ ಎಳೆದರೆ ಅದು ಚಟ. ಅಮ್ಮ ಡಾಕ್ಟರ್ ಹೇಳಿದ್ದಕ್ಕಿಂತ ಒಂದು ಮಾತ್ರೆಯನ್ನೂ ಜಾಸ್ತಿ ತೆಗೆದುಕೊಂಡಿಲ್ಲ ಎಂದು ನೀವೇ ಬರೆದಿದ್ದೀರಿ. ಅವರ ಮೈ ಮಾತ್ರೆಗೆ ಒಗ್ಗಿಹೋಗಿದೆ, ಅಷ್ಟೆ.

ಗಾರ್ಡಿನಾಲ್‌ನಲ್ಲಿರುವುದು ಫಿನೋಬಾರ್ಬಿಟೋನ್. ಬಾರ್ಬಿಚುರೇಟ್ ಗುಂಪಿನ ಈ ಔಷಧ 1912ರಿಂದ ಬಳಕೆಯಲ್ಲಿದೆ. ನಮ್ಮ ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಗಳ ಅಬ್ಬರ ತಗ್ಗಿಸುತ್ತದೆ. ಮಾತ್ರೆ ಅದಕ್ಕೆ ಬಲ ಕೊಡುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಮೆದುಳು ಸುಮ್ನೆ ಇರುವುದಿಲ್ಲ. ತಾನೂ ಆಚೆ ಕಡೆಗೆ ಎಳೆದು ಸಮ ಮಾಡಿಕೊಳ್ಳುತ್ತದೆ. ಹಗ್ಗ ಜಗ್ಗಾಟದಲ್ಲಿ ಒಂದು ಕಡೆಯವರು ದಿಢೀರನೆ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಹೇಗೆ ಬೀಳುತ್ತಾರೆ, ನೋಡಿದ್ದೀರಲ್ವಾ? ಮಾತ್ರೆ ನಿಲ್ಲಿಸಿದಾಗ ಮೆದುಳಿಗೆ ಆಗುವುದೂ ಅದೇ.

ಆ ಮೂರು ದಿನದ ನೆಮ್ಮದಿಯೇ ನಿಮ್ಮನ್ನು ಮೋಸ ಮಾಡಿದ್ದು. ಫಿನೋಬಾರ್ಬಿಟೋನ್ ಮೈಯಿಂದ ಬಹಳ ನಿಧಾನವಾಗಿ ಹೋಗುತ್ತದೆ. ರಕ್ತದಲ್ಲಿ ಅರ್ಧಕ್ಕೆ ಇಳಿಯಲು ದೊಡ್ಡವರಿಗೆ ಸುಮಾರು 4 ದಿನ ಬೇಕು. ಇದೇ ಗುಂಪಿನ, ಹಿಂದೆ ನಿದ್ದೆಗೆ ಕೊಡುತ್ತಿದ್ದ ಸೆಕೋಬಾರ್ಬಿಟಾಲ್‌ನಂಥವು ಬೇಗ ಇಳಿಯುತ್ತವೆ. ಅವನ್ನು ಹೆಚ್ಚು ಅಳತೆಯಲ್ಲಿ ತೆಗೆದುಕೊಳ್ಳುತ್ತಿದ್ದವರು ಬಿಟ್ಟರೆ ಒಂದೆರಡು ದಿನದೊಳಗೇ ನಡುಕ, ಬೆವರು, ಭಯ. ಆಮೇಲೆ ಫಿಟ್ಸ್, ಭ್ರಮೆ. ಜೀವವೇ ಹೋಗಬಹುದು. ಮೊದಲು ಎಷ್ಟೋ ಡಾಕ್ಟರುಗಳೇ ಇದನ್ನು ನಂಬುತ್ತಿರಲಿಲ್ಲ. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಎಂಬ ಡಾಕ್ಟರರ ತಂಡ ಕೆಲವು ಕೈದಿಗಳಿಗೆ ತಿಂಗಳುಗಟ್ಟಲೆ ಈ ಔಷಧಗಳನ್ನು ಕೊಟ್ಟು, ಒಮ್ಮೆಗೇ ನಿಲ್ಲಿಸಿ ನೋಡಿತು. ಹೆಚ್ಚಿನವರಿಗೆ ಫಿಟ್ಸ್ ಬಂತು. 1950ರಲ್ಲಿ ಅದು ಪ್ರಕಟವಾದ ಮೇಲೆ ಅನುಮಾನ ಉಳಿಯಲಿಲ್ಲ. ಕೈದಿಗಳನ್ನು ಹೀಗೆ ಬಳಸಿಕೊಂಡದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅಮ್ಮನಿಗೆ ಬಂದದ್ದು ಹಳೆಯ ಕಾಯಿಲೆಯೂ ಇರಬಹುದು, ಮಾತ್ರೆ ನಿಂತದ್ದರಿಂದಲೂ ಇರಬಹುದು, ಎರಡೂ ಸೇರಿರಬಹುದು. ನರರೋಗ ತಜ್ಞರಿಗೆ ತೋರಿಸಿ. ಬಿಸಾಡಿದ ವಿಷಯ ಮುಚ್ಚಿಡಬೇಡಿ. ಬೇರೆ ಔಷಧಕ್ಕೆ ಬದಲಾಯಿಸಬಹುದಾ ಎಂದು ಕೇಳಿ. ಬದಲಾಯಿಸಿದರೂ ಇದನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಅದೂ ಅವರು ಹೇಳಿದಂತೆಯೇ. ಇಷ್ಟು ವರ್ಷ ಈ ಮಾತ್ರೆ ತಿಂದವರಿಗೆ ವಿಟಮಿನ್ ಡಿ ಕಡಿಮೆಯಾಗಿ ಮೂಳೆ ಸವೆದಿರಬಹುದು. ಅದನ್ನೂ ಪರೀಕ್ಷೆ ಮಾಡಿಸಿ.

ಮತ್ತೆ ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ. ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡವೇ ಬೇಡ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ತಮ್ಮನನ್ನು ಬೈಯಬೇಡಿ. ಅಮ್ಮನ ಮೇಲಿನ ಕಾಳಜಿಗೇ ಹಾಗೆ ಮಾಡಿದ್ದಾನೆ. ಅವನ ಕೈಯಿಂದಲೇ ಆ ಸ್ಟ್ರಿಪ್ಪನ್ನು ಅಕ್ಕಿ ಡಬ್ಬಿಯಿಂದ ತೆಗೆಸಿ, ಮನೆಯವರಿಗೆಲ್ಲ ಕಾಣುವ ಕಡೆ ಇಡಿಸಿ.

– ಸಂಪಾದಕ