ಅಪ್ಪನಿಗೆ ಹಾರ್ಟ್ ಫೇಲ್ಯೂರ್, ನಿದ್ದೆಗೆಟ್ಟಿರುವುದು ಅಮ್ಮ. ಏನು ಮಾಡಲಿ?

ತಂದೆಗೆ ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ಅಂತ ಗೊತ್ತಾದ ಮೇಲೆ ತಾಯಿ ರಾತ್ರಿ ಮಲಗುತ್ತಿಲ್ಲ, ಎಲ್ಲರ ಮೇಲೂ ರೇಗುತ್ತಾರೆ, ಇದು ಸಹಜವಾ ಅಂತ ಕೇಳಿದ್ದೀರಿ. ಸಹಜವೇ. ನಮ್ಮ ಮನೆಯಲ್ಲೂ ಹೀಗೇ ಇತ್ತು.

ಅಪ್ಪನ ಹಾರ್ಟ್ ಪಂಪಿಂಗ್ ಕಡಿಮೆ ಇದೆ ಅಂದ ದಿನದಿಂದ ಅಮ್ಮ ಅವರ ಉಸಿರಾಟ ಕೇಳಿಸಿಕೊಳ್ಳುತ್ತಲೇ ಮಲಗುತ್ತಿದ್ದರು, ಅಪ್ಪ ಸ್ವಲ್ಪ ಕೆಮ್ಮಿದರೂ ಸಾಕು, ಎದ್ದು ಲೈಟ್ ಹಾಕುತ್ತಿದ್ದರು. ಅಡುಗೆ, ಮಾತ್ರೆ ಇವೆಲ್ಲ ಅಷ್ಟು ಸುಸ್ತು ಮಾಡುವುದಿಲ್ಲ. ಯಾವಾಗ ಏನಾಗುತ್ತೋ ಅಂತ ಕಾಯುವುದಿದೆಯಲ್ಲ, ಅದು ಜಾಸ್ತಿ.

ನಮಗೆ ಅನುಕೂಲವಾಗಿದ್ದು ತೂಕದ ಮಷೀನು. ದಿನಾ ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರ್‌ನಲ್ಲಿ ಬರೆಯುವುದು. ಈ ಕಾಯಿಲೆಯಲ್ಲಿ ಮೈಯಲ್ಲಿ ನೀರು ತುಂಬಿಕೊಂಡರೆ ತೂಕದಲ್ಲೇ ಗೊತ್ತಾಗುತ್ತದೆ. ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ, ಕಾಲು ಊದಿದರೆ, ಮಲಗಲು ಇನ್ನೊಂದು ದಿಂಬು ಬೇಕಾದರೆ ಅವತ್ತೇ ಡಾಕ್ಟರ್‌ಗೆ ಫೋನ್. ಎದೆನೋವು ಬಂದರೆ, ಕೂತಲ್ಲೇ ಉಸಿರು ಕಟ್ಟಿದರೆ, ತಲೆಸುತ್ತಿ ಬಿದ್ದರೆ ನೇರ 108. ಇಷ್ಟು ಬರೆದು ಫ್ರಿಜ್ ಮೇಲೆ ಅಂಟಿಸಿದ ಮೇಲೆ ಅಮ್ಮ ಸುಮ್ನೆ ಊಹಿಸುತ್ತಾ ಕೂರುವುದು ಕಡಿಮೆಯಾಯಿತು.

ನೀರು ಇಳಿಸುವ ಮಾತ್ರೆಯನ್ನು ನಿಮ್ಮ ತಂದೆ ಸಂಜೆ ತಗೊಳ್ಳುತ್ತಿದ್ದಾರಾ? ಆಗ ರಾತ್ರಿಯೆಲ್ಲ ಅವರು ಬಾತ್‌ರೂಮಿಗೆ ಏಳುತ್ತಾರೆ, ಜೊತೆಗೆ ನಿಮ್ಮ ತಾಯಿಯೂ ಏಳುತ್ತಾರೆ. ಹೊತ್ತು ಬದಲಿಸಬಹುದಾ ಅಂತ ಡಾಕ್ಟರ್‌ನ ಕೇಳಿ, ನೀವೇ ಬದಲಿಸಬೇಡಿ.

ಇನ್ನು ಉಪ್ಪಿನ ಜಗಳ. ಉಪ್ಪಿನಕಾಯಿ, ಹಪ್ಪಳ ಬೇಡ ಅನ್ನುವ ಪೊಲೀಸ್ ಕೆಲಸ ಹೆಂಡತಿಯ ತಲೆಗೆ ಬಂದರೆ ಗಂಡ ಹೆಂಡತಿ ಮಧ್ಯೆ ಬೇರೆ ಮಾತೇ ಉಳಿಯುವುದಿಲ್ಲ. ಅದನ್ನು ನಾನು ತಗೊಂಡೆ, ಬೈಗುಳ ನನಗೆ ಬಂತು, ಅಮ್ಮ ಬಚಾವ್. (ಅಂಗಡಿಯ ಲೋ ಸೋಡಿಯಂ ಉಪ್ಪು ಡಾಕ್ಟರ್‌ನ ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಹಾರ್ಟಿನ ಕೆಲವು ಮಾತ್ರೆಗಳ ಜೊತೆ ಅಪಾಯ.)

ನೋಡಲು ಬರುವ ನೆಂಟರು ಅಪ್ಪನನ್ನು ವಿಚಾರಿಸಿ, ಅಮ್ಮನ ಕೈಯಲ್ಲಿ ಕಾಫಿ ಮಾಡಿಸಿಕೊಂಡು ಹೋಗುತ್ತಾರೆ. ಅಮ್ಮನನ್ನು ಯಾರು ಕೇಳುತ್ತಾರೆ, ಅಲ್ವಾ? ನಿಮ್ಮ ತಾಯಿ ವಾರಗಟ್ಟಲೆ ನಿದ್ದೆಯಿಲ್ಲ, ಅಳು ಬರುತ್ತದೆ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಂದೆಯ ಮುಂದಿನ ಚೆಕಪ್‌ಗೆ ಹೋದಾಗ ತಾಯಿಯ ಬಿಪಿ, ಶುಗರ್ ಕೂಡ ಅಲ್ಲೇ ನೋಡಿಸಿ. ನನಗೇನಾಗಿದೆ ಬಿಡು ಅಂತಾರೆ, ಬಿಡಬೇಡಿ.