ಓದುಗರ ಪ್ರಶ್ನೆ: ಮೀನಖಂಡದ ಗಾಯದ ನಂತರ 21 ಕಿಲೋಮೀಟರ್ ಓಡಬಹುದೇ?

ಪ್ರಶ್ನೆ: ನಾನು 43 ವರ್ಷದ ಪ್ರೌಢಶಾಲಾ ಶಿಕ್ಷಕಿ. ಏಳು ವಾರಗಳ ಹಿಂದೆ ಶಾಲೆಯ ಕ್ರೀಡಾಕೂಟದಲ್ಲಿ ಶಿಕ್ಷಕರ ರಿಲೇ ಓಡುವಾಗ ಎಡಗಾಲಿನ ಮೀನಖಂಡಕ್ಕೆ ಯಾರೋ ಹಿಂದಿನಿಂದ ಕಲ್ಲು ಹೊಡೆದಂತಾಯಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಸ್ನಾಯು ಸ್ವಲ್ಪ ಹರಿದಿದೆ ಎಂದು ವೈದ್ಯರು ಹೇಳಿದರು. ಈಗ ಫಿಜಿಯೋಥೆರಪಿಸ್ಟ್ ನಿಧಾನ ಓಟಕ್ಕೆ ಒಪ್ಪಿದ್ದಾರೆ. ಅಪ್ಪನ ಕೆರೆಯ ಬಳಿ 5 ಕಿಲೋಮೀಟರ್ ನೋವಿಲ್ಲದೆ ಓಡುತ್ತೇನೆ, ಅದರಾಚೆ ಕಾಲು ಬಿಗಿಯುತ್ತದೆ. ಗಾಯಕ್ಕೆ ಮೊದಲೇ ಒಂದು ವರ್ಚುವಲ್ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೆ. ಅದು ಐದು ವಾರಗಳ ನಂತರ ಆರಂಭವಾಗುತ್ತದೆ. ಅಲ್ಲಿಂದ 16 ದಿನಗಳೊಳಗೆ ಎಲ್ಲಿಯಾದರೂ ಓಡಿ ಮೊಬೈಲ್‌ನ ದಾಖಲೆ ಕಳುಹಿಸಿದರೆ ಸಾಕು. ನೋವಿನ ಮಾತ್ರೆ ನುಂಗಿ ಓಡಬಹುದೇ? ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಓಡಿದರೆ ನಡೆಯುತ್ತದೆಯೇ?
— ಹೆಸರು ಬೇಡ, ಕಲಬುರಗಿ

ಉತ್ತರ: ನಿಮಗೆ ಸಿಕ್ಕಿರುವ ದೊಡ್ಡ ಅನುಕೂಲ ಆ 16 ದಿನಗಳು. ಅವಧಿ ತೆರೆದ ಮೊದಲ ದಿನವೇ ಓಡುವ ಉತ್ಸಾಹ ಬೇಡ. ಕೊನೆಯ ಭಾನುವಾರವನ್ನು ಗುರುತು ಹಾಕಿಕೊಂಡರೆ ಸುಮಾರು ಏಳು ವಾರಗಳ ಸಿದ್ಧತೆ ಸಿಗುತ್ತದೆ.

ಐದು ಕಿಲೋಮೀಟರ್ ದಾಟಿದ ಮೇಲೆ ಕಾಲು ಬಿಗಿಯುವುದು ಸ್ನಾಯು ಕೂಡಿಕೊಂಡಿದ್ದರೂ ಅದಕ್ಕೆ ಇನ್ನೂ ದಮ್ಮು ಬಂದಿಲ್ಲ ಎಂಬುದರ ಸೂಚನೆಯಾಗಿರಬಹುದು. ಮೀನಖಂಡದಲ್ಲಿ ಎರಡು ಮುಖ್ಯ ಸ್ನಾಯುಗಳಿವೆ: ಮೇಲೆ ಉಬ್ಬಿ ಕಾಣುವ ಗ್ಯಾಸ್ಟ್ರೋಕ್ನೀಮಿಯಸ್ ಮತ್ತು ಅದರ ಅಡಿಯಲ್ಲಿರುವ ಸೋಲಿಯಸ್. ವೇಗದ ಓಟದಲ್ಲಿ ಹರಿಯುವುದು ಸಾಮಾನ್ಯವಾಗಿ ಮೊದಲನೆಯದು, ಆದರೆ ನಿಧಾನವಾಗಿ ದೂರ ಓಡುವಾಗ ಹೆಚ್ಚಿನ ಭಾರ ಹೊರುವುದು ಎರಡನೆಯದು. ಆದ್ದರಿಂದ ಎರಡನ್ನೂ ಬಲಪಡಿಸಬೇಕು. ಮನೆಯ ಮೆಟ್ಟಿಲ ಅಂಚಿನಲ್ಲಿ ಒಂದೇ ಕಾಲಿನ ಮೇಲೆ ನಿಂತು, ಗೋಡೆಗೆ ಎರಡು ಬೆರಳು ಆನಿಸಿ, ಮೊಣಕಾಲು ನೇರವಾಗಿಟ್ಟು ಹಿಮ್ಮಡಿಯನ್ನು ಎತ್ತಿ ಇಳಿಸಿ. ನಂತರ ಮೊಣಕಾಲು ಸ್ವಲ್ಪ ಮಡಿಸಿ ಅದನ್ನೇ ಮಾಡಿ. ಬಲಗಾಲಿನಲ್ಲಿ 25 ಸಲ ಸಾಧ್ಯವಾಗಿ ಎಡಗಾಲು 14ಕ್ಕೆ ನಡುಗುತ್ತಿದ್ದರೆ, ಆ ಅಂತರ ತುಂಬುವವರೆಗೆ ದೂರ ಹೆಚ್ಚಿಸಬೇಡಿ. ಹರಿದ ಸ್ನಾಯು ಮೊದಲ ಕೆಲವು ತಿಂಗಳುಗಳಲ್ಲಿ ಮತ್ತೆ ಹರಿಯುವ ಸಂಭವ ಹೆಚ್ಚು.

ದೂರದ ಓಟವನ್ನು ವಾರಕ್ಕೆ ಒಂದೇ ಸಲ, ನಡಿಗೆ ಬೆರೆಸಿ ಮಾಡಿ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಈ ಕ್ರಮವನ್ನು ಬಳಕೆಗೆ ತಂದವರು. ಇದರ ಗುಟ್ಟು, ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯುವುದು. ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ 7 ನಿಮಿಷದಂತೆ ಓಡಿ, 11 ನಿಮಿಷದಂತೆ ನಡೆದರೂ 21.1 ಕಿಲೋಮೀಟರ್ ಮೂರು ಗಂಟೆಯೊಳಗೆ ಮುಗಿಯುತ್ತದೆ. ಅಭ್ಯಾಸದ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಕಾಲು ಹಿಂದಿನ ದಿನಕ್ಕಿಂತ ಹೆಚ್ಚು ನೋಯುತ್ತಿದ್ದರೆ ಮುಂದಿನ ವಾರ ದೂರ ಕಡಿಮೆ ಮಾಡಿ. ಕೊನೆಯ ಭಾನುವಾರಕ್ಕೆ ಎರಡು ವಾರ ಮೊದಲು 14 ಕಿಲೋಮೀಟರ್ ನಿರಾಯಾಸವಾಗಿ ಮುಗಿಸಲು ಆಗದಿದ್ದರೆ, ಆಯೋಜಕರಿಗೆ ಬರೆದು 10 ಕಿಲೋಮೀಟರ್ ವಿಭಾಗಕ್ಕೆ ಬದಲಾಯಿಸಿಕೊಡುವಂತೆ ಕೇಳಿ.

ನೋವಿನ ಮಾತ್ರೆ ಖಂಡಿತ ಬೇಡ. ಸ್ನಾಯು ಕೊಡುವ ಎಚ್ಚರಿಕೆಯನ್ನು ಅದು ಮುಚ್ಚಿಹಾಕುತ್ತದೆ. ಅದಲ್ಲದೆ ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ಔಷಧಗಳು ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಒಂದೇ ಕಾಲು ಬಾತು, ಬಿಸಿಯಾಗಿ, ನಡೆಯದೆ ಕುಳಿತಾಗಲೂ ನೋಯುತ್ತಿದ್ದರೆ ಅದನ್ನು ಹಳೆಯ ಗಾಯವೆಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತೋರಿಸಿ; ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗಲೂ ಹೀಗೆಯೇ ಆಗುತ್ತದೆ.

ಸಾಮಾನ್ಯ ಮ್ಯಾರಥಾನ್‌ನಲ್ಲಿ ದಾರಿಯುದ್ದಕ್ಕೂ ನೀರು, ಸ್ವಯಂಸೇವಕರು, ಆಂಬುಲೆನ್ಸ್ ಇರುತ್ತವೆ. ವರ್ಚುವಲ್ ಓಟದಲ್ಲಿ ಕುಂಟುತ್ತಿರುವವರನ್ನು ಕಂಡು ಸಾಕು ನಿಲ್ಲಿ ಎನ್ನುವವರು ಯಾರೂ ಇಲ್ಲ. ಆದ್ದರಿಂದ ನಿಮ್ಮ ಮನೆಯ ಮುಂದೆ ಹಾದುಹೋಗುವ ಎರಡು ಕಿಲೋಮೀಟರಿನ ಸುತ್ತನ್ನು ಆರಿಸಿಕೊಳ್ಳಿ. ಗೇಟಿನ ಬಳಿ ನೀರು, ಓಆರ್‌ಎಸ್, ಒಂದು ಕುರ್ಚಿ ಇರಲಿ. ರಿಂಗ್ ರೋಡ್ ಬೇಡವೇ ಬೇಡ: ಈ ಸುಗ್ಗಿಯಲ್ಲಿ ತೊಗರಿ ಹೊತ್ತ ಲಾರಿಗಳ ಓಡಾಟವಿರುತ್ತದೆ, ಅಂಚಿಗೆ ವಾಲಿದ ರಸ್ತೆಯಲ್ಲಿ ಒಂದೇ ಬದಿಗೆ ಓಡಿದರೆ ಎರಡು ಕಾಲುಗಳ ಮೇಲೆ ಸಮನಾದ ಭಾರ ಬೀಳುವುದಿಲ್ಲ. ಮಾರ್ಚ್ ಆರಂಭದಲ್ಲಿ ನಮ್ಮ ಊರಿನ ಬಿಸಿಲು ಒಂಬತ್ತು ಗಂಟೆಗೇ ಚುರುಗುಟ್ಟುವುದರಿಂದ ಐದೂವರೆಗೆ ಹೊರಡುವುದು ಒಳ್ಳೆಯದು. ಬೀದಿದೀಪವಿರುವ ದಾರಿಯಾಗಿರಲಿ, ಜೊತೆಗೆ ಮನೆಯವರೊಬ್ಬರು ಸೈಕಲ್ ಮೇಲೆ ಬಂದರೆ ನಾಯಿಗಳ ಕಾಟವೂ ತಪ್ಪುತ್ತದೆ.

ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಎಂಬುದು ನಿಯಮಾವಳಿಗೆ ಬಿಟ್ಟ ವಿಷಯ. ಅನೇಕ ಆಯೋಜಕರು ಒಂದೇ ದಾಖಲೆಯನ್ನು ಕೇಳುತ್ತಾರೆ, ಮೊದಲೇ ಓದಿಕೊಳ್ಳಿ. ನಿಯಮ ಬಿಟ್ಟರೂ ನಾನು ಒಪ್ಪುವುದಿಲ್ಲ, ಏಕೆಂದರೆ ಹಗಲೆಲ್ಲ ತಣ್ಣಗಾಗಿ ಬಿಗಿದ ಸ್ನಾಯುವನ್ನು ಸಂಜೆ ಮತ್ತೆ ಎಬ್ಬಿಸಿ ಹತ್ತು ಕಿಲೋಮೀಟರ್ ಓಡಿಸುವುದು ಕಾಲಿಗೆ ಇನ್ನೂ ಕಷ್ಟ. ಕೊನೆಯ ಇನ್ನೂರು ಮೀಟರ್ ಜೋರಾಗಿ ಓಡುವ ಆಸೆ ಬಂದರೆ ರಿಲೇಯ ದಿನವನ್ನು ನೆನಪಿಸಿಕೊಳ್ಳಿ. ಜಿಪಿಎಸ್ ಅಳತೆ ತುಸು ಹೆಚ್ಚುಕಡಿಮೆಯಾಗುವುದರಿಂದ 21.1 ಕಂಡ ಕೂಡಲೇ ನಿಲ್ಲಬೇಡಿ, 21.2 ಆಗುವವರೆಗೆ ನಡೆದುಕೊಂಡೇ ಹೋಗಿ, ಆಮೇಲೆ ದಾಖಲೆ ಉಳಿಸಿ.