ಕಡಲಾಳದ ಕುಟುಕು: ವಿನೆಗರ್ ಯಾವುದಕ್ಕೆ, ಬಿಸಿನೀರು ಯಾವುದಕ್ಕೆ?

ಪ್ರಶ್ನೆ: ಮೊದಲ ಬಾರಿಗೆ ಸ್ಕೂಬಾ ಡೈವಿಂಗ್‌ಗೆ ಹೊರಟಿದ್ದೇನೆ. ಜೆಲ್ಲಿಮೀನು ಕುಟುಕಿದರೆ ಮೂತ್ರ ಹಾಕಬೇಕೆಂದು ಒಬ್ಬರು, ವಿನೆಗರ್ ಸುರಿಯಬೇಕೆಂದು ಇನ್ನೊಬ್ಬರು, ಬಿಸಿನೀರೇ ಮದ್ದು ಎಂದು ಮತ್ತೊಬ್ಬರು ಹೇಳುತ್ತಾರೆ. ಯಾರ ಮಾತನ್ನು ನಂಬಲಿ?

ಉತ್ತರ: ಮೂತ್ರದ ಮಾತನ್ನು ಮರೆತುಬಿಡಿ, ಅದರಿಂದ ಪ್ರಯೋಜನವಿಲ್ಲ. ಉಳಿದಿಬ್ಬರ ಮಾತಿನಲ್ಲಿ ಸತ್ಯವಿದೆ. ಆದರೆ ಕುಟುಕಿದ್ದು ಯಾವ ಜೀವಿ ಎಂಬುದು ತಿಳಿಯದೆ ಎರಡರಲ್ಲಿ ಒಂದನ್ನು ಆರಿಸಲಾಗದು.

ಜೆಲ್ಲಿಮೀನಿನ ಎಳೆಗಳ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕುಟುಕುಕೋಶಗಳಿರುತ್ತವೆ. ಚರ್ಮ ತಾಗಿದೊಡನೆ ಅವು ಸಿಡಿದು, ಒಳಗೆ ಸುರುಳಿ ಸುತ್ತಿಕೊಂಡಿದ್ದ ಟೊಳ್ಳು ದಾರದ ಮೂಲಕ ವಿಷವನ್ನು ಒಳಸೇರಿಸುತ್ತವೆ. ಮೈಗೆ ಅಂಟಿಕೊಂಡ ಎಳೆಯಲ್ಲಿ ಇನ್ನೂ ಸಿಡಿಯದ ಕೋಶಗಳು ಸಾಕಷ್ಟು ಉಳಿದಿರುವುದರಿಂದ ಮರಳಿನಿಂದ ಉಜ್ಜುವುದು, ಟವೆಲ್‌ನಿಂದ ಒರೆಸುವುದು, ಸಿಹಿನೀರಿನಿಂದ ತೊಳೆಯುವುದು ಇವೆಲ್ಲವೂ ಅವುಗಳನ್ನು ಕೆರಳಿಸುವ ಕೆಲಸಗಳೇ ಆಗುತ್ತವೆ.

ಆಸ್ಟ್ರೇಲಿಯಾದ ಉತ್ತರ ತೀರದಂಥ ಉಷ್ಣವಲಯದ ಕಡಲಿನಲ್ಲಿರುವ ಬಾಕ್ಸ್ ಜೆಲ್ಲಿಮೀನು ಕುಟುಕಿದರೆ ಕನಿಷ್ಠ 30 ಸೆಕೆಂಡು ಧಾರಾಳವಾಗಿ ವಿನೆಗರ್ ಸುರಿಯಬೇಕು. ಅದು ಸಿಡಿಯದ ಕೋಶಗಳನ್ನು ತಡೆಯುತ್ತದೆಯೇ ಹೊರತು ಆಗಲೇ ಮೈಸೇರಿದ ವಿಷವನ್ನು ತೆಗೆಯುವುದಿಲ್ಲ. ಈ ವಿಷ ಕೆಲವೇ ನಿಮಿಷಗಳಲ್ಲಿ ಹೃದಯವನ್ನು ನಿಲ್ಲಿಸಬಲ್ಲದು; ಹಾಗಾದರೆ ವಿನೆಗರ್‌ಗಿಂತ ಮೊದಲು ಸಿಪಿಆರ್ (ಎದೆಯೊತ್ತಿ, ಬಾಯಿಂದ ಉಸಿರು ಕೊಡುವ ತುರ್ತು ಆರೈಕೆ) ಬೇಕು. ನೀಲಿ ಗಾಳಿಚೀಲದಂತೆ ತೇಲುವ ಬ್ಲೂಬಾಟಲ್‌ಗೆ ಮಾತ್ರ ವಿನೆಗರ್ ಬೇಡ. ಎಳೆಗಳನ್ನು ಮೆಲ್ಲನೆ ಬಿಡಿಸಿ, ಕಡಲ ನೀರಿನಿಂದಲೇ ತೊಳೆದು, ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಆರೈಕೆ ಮಾಡುವವರು ತಮ್ಮ ಕೈಯಿಂದ ನೋಡಬೇಕು, ಏಕೆಂದರೆ ನೋವಿನಲ್ಲಿರುವವರಿಗೆ ಚರ್ಮ ಸುಡುತ್ತಿರುವುದೂ ಗೊತ್ತಾಗದಿರಬಹುದು.

ಸಣ್ಣ ಕುಟುಕೆಂದು ಕಡೆಗಣಿಸಬಾರದ ಒಂದು ಜೆಲ್ಲಿಮೀನು ಇರುಕಾಂಜಿ. ಅದರ ದೇಹ ಬೆರಳಿನ ಉಗುರಿನಷ್ಟೇ ದೊಡ್ಡದು. ಕುಟುಕಿದಾಗ ಅಷ್ಟೇನೂ ನೋವಾಗದೆ, ಸುಮಾರು ಅರ್ಧ ಗಂಟೆಯ ನಂತರ ತೀವ್ರ ಬೆನ್ನುನೋವು, ವಾಂತಿ, ಬೆವರು, ಏರುವ ರಕ್ತದೊತ್ತಡ ಕಾಣಿಸಿಕೊಳ್ಳುತ್ತವೆ. ಈ ಕಾಯಿಲೆಗೆ ಆ ಪುಟ್ಟ ಜೀವಿಯೇ ಕಾರಣವೆಂದು ತೋರಿಸಲು ಆಸ್ಟ್ರೇಲಿಯಾದ ವೈದ್ಯ ಜ್ಯಾಕ್ ಬಾರ್ನ್ಸ್ 1961ರಲ್ಲಿ ಅದನ್ನು ತಮಗೂ ತಮ್ಮ ಮಗನಿಗೂ ಒಬ್ಬ ಜೀವರಕ್ಷಕನಿಗೂ ಕುಟುಕಿಸಿದರು. ಮೂವರೂ ಆಸ್ಪತ್ರೆ ಸೇರಬೇಕಾಯಿತು. ಮಗುವನ್ನು ಅಂಥ ಪರೀಕ್ಷೆಗೆ ಒಡ್ಡಿದ್ದನ್ನು ನಾನು ಒಪ್ಪಲಾರೆ, ಆದರೆ ತಡವಾಗಿ ಏಳುವ ಲಕ್ಷಣಗಳ ಗುಟ್ಟು ಬಯಲಾದದ್ದು ಆ ಪ್ರಯೋಗದಿಂದಲೇ.

ಪ್ರಶ್ನೆ: ನೀರಿನ ಆಳದಲ್ಲಿರುವಾಗಲೇ ಏನಾದರೂ ಕುಟುಕಿದರೆ ತಕ್ಷಣ ಮೇಲಕ್ಕೆ ಬಂದುಬಿಡಬೇಕೇ?

ಉತ್ತರ: ಮೇಲಕ್ಕೆ ಬರಬೇಕು, ಆದರೆ ಧಾವಿಸಿ ಬರಬಾರದು. ನೋವಿಗೆ ಬೆದರಿ ಉಸಿರು ಬಿಗಿಹಿಡಿದು ಮೇಲೇರಿದರೆ, ನೀರಿನ ಒತ್ತಡ ಇಳಿದಂತೆ ಶ್ವಾಸಕೋಶದ ಗಾಳಿ ಹಿಗ್ಗಿ ಅದನ್ನೇ ಹರಿದುಬಿಡಬಹುದು, ಮತ್ತು ಹೆಚ್ಚಿನ ಕುಟುಕುಗಳಿಗಿಂತ ಅದು ಅಪಾಯಕಾರಿ. ಜೊತೆಗಾರರಿಗೆ ಸನ್ನೆ ಮಾಡಿ, ಎಡೆಬಿಡದೆ ಉಸಿರಾಡುತ್ತ, ನಿಮಿಷಕ್ಕೆ ಸುಮಾರು 9 ಮೀಟರ್ ವೇಗದಲ್ಲಿ ಏರಿರಿ. ಉಸಿರಾಟಕ್ಕೇ ತೊಂದರೆಯಾಗಿದ್ದರೆ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವ ಮುನ್ನೆಚ್ಚರಿಕೆಯ ತಂಗನ್ನು ಬಿಡಬಹುದು, ವೇಗದ ಮಿತಿಯನ್ನು ಬಿಡಬಾರದು. ಆಸ್ಪತ್ರೆಯಲ್ಲಿ ಡೈವ್ ಮಾಡಿದ ಸಂಗತಿಯನ್ನು ಮೊದಲೇ ತಿಳಿಸಿ, ಏಕೆಂದರೆ ಬೇಗ ಮೇಲೇರಿದಾಗ ಮೈಯೊಳಗೆ ಗಾಳಿಗುಳ್ಳೆಗಳೇಳುವ ಡಿಕಂಪ್ರೆಷನ್ ಕಾಯಿಲೆಯಲ್ಲಿಯೂ ನೋವು, ಜೋಮು ಇರುತ್ತವೆ.

ಪ್ರಶ್ನೆ: ಮುಳ್ಳು ಚುಚ್ಚುವ ಮೀನುಗಳಿಗೂ ಇದೇ ಚಿಕಿತ್ಸೆಯೇ?

ಉತ್ತರ: ಸ್ಟೋನ್‌ಫಿಶ್, ಲಯನ್‌ಫಿಶ್, ತೊರಕೆ ಮೀನು ಇವುಗಳಿಗೆ ವಿನೆಗರ್ ಕೆಲಸಕ್ಕೆ ಬಾರದು. ಇವುಗಳ ವಿಷದ ಪ್ರೋಟೀನುಗಳು ಶಾಖಕ್ಕೆ ಸೊರಗುವುದರಿಂದ ಗಾಯವನ್ನು 45 ಡಿಗ್ರಿಯವರೆಗಿನ ನೀರಿನಲ್ಲಿ 30ರಿಂದ 90 ನಿಮಿಷ ಮುಳುಗಿಸಿಡಬೇಕು. ಸ್ಟೋನ್‌ಫಿಶ್ ವಿಷಕ್ಕೆ ಪ್ರತಿವಿಷವೂ ಇದೆ. ಎದೆ, ಕುತ್ತಿಗೆ, ಹೊಟ್ಟೆಗೆ ಆಳವಾಗಿ ಹೊಕ್ಕ ಮುಳ್ಳನ್ನು ಮಾತ್ರ ಅಲ್ಲೇ ಕೀಳದೆ, ಅಲುಗದಂತೆ ಹಿಡಿದು ಆಸ್ಪತ್ರೆಗೆ ಒಯ್ಯಬೇಕು. 2006ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ವನ್ಯಜೀವಿ ಟಿವಿ ನಿರೂಪಕ ಸ್ಟೀವ್ ಇರ್ವಿನ್ ತೀರಿಕೊಂಡದ್ದು ತೊರಕೆಯ ಮುಳ್ಳು ಎದೆಗೆ ಮಾಡಿದ ಗಾಯದಿಂದ. ಒಳಗೆ ಮುರಿದ ಚೂರು ಉಳಿದಿದ್ದರೆ ಕೀವಾಗುತ್ತದೆ. ಧನುರ್ವಾತದ ಚುಚ್ಚುಮದ್ದನ್ನೂ ವಿಚಾರಿಸಿಕೊಳ್ಳಿ.

ನೀಲಿಯುಂಗುರದ ಆಕ್ಟೋಪಸ್, ಕೋನ್ ಶಂಖ, ಕಡಲ ಹಾವು ಇವು ಮೂರಕ್ಕೂ ಬಿಸಿನೀರು ಹೊಂದುವುದಿಲ್ಲ. ಕಚ್ಚಿದ ಕೈಕಾಲಿಗೆ ಇಲಾಸ್ಟಿಕ್ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿ, ದಬ್ಬೆ ಕಟ್ಟಿ, ಅಲುಗಾಡದಂತೆ ಮಲಗಿಸಬೇಕು. ಆಕ್ಟೋಪಸ್ ವಿಷ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸಿದಾಗಲೂ ರೋಗಿಗೆ ಎಚ್ಚರವಿರಬಹುದು. ವೈದ್ಯರು ಸಿಗುವವರೆಗೆ ಯಾರಾದರೂ ಬಾಯಿಂದ ಉಸಿರು ಕೊಡುತ್ತಲೇ ಇದ್ದರೆ ಆ ಜೀವ ಉಳಿಯುತ್ತದೆ, ಆದ್ದರಿಂದ ದಯವಿಟ್ಟು ಕೈಬಿಡಬೇಡಿ.

ಪ್ರಶ್ನೆ: ಕುಟುಕಿಸಿಕೊಳ್ಳದಿರಲು ಏನು ಮಾಡಬೇಕು?

ಉತ್ತರ: ಬೆಚ್ಚಗಿನ ಕಡಲಾದರೂ ಮೈ ಪೂರ್ತಿ ಮುಚ್ಚುವ ಸೂಟ್ ತೊಡಿ, ತೆಳುವಾದ ಲೈಕ್ರಾ ಬಟ್ಟೆಯೂ ಕುಟುಕುಕೋಶಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಅದಕ್ಕೂ ಮಿಗಿಲಾದದ್ದು ನೀರಿನಲ್ಲಿ ತೇಲುವಿಕೆಯ ಹಿಡಿತ. ಹೆಚ್ಚಿನ ಡೈವರ್‌ಗಳು ಗಾಯಗೊಳ್ಳುವುದು ತಳಕ್ಕೆ ಕುಸಿದು ಹವಳವನ್ನೋ ಬಂಡೆಯನ್ನೋ ಹಿಡಿದುಕೊಂಡಾಗ, ಮತ್ತು ಆ ಬಂಡೆಯೇ ಸ್ಟೋನ್‌ಫಿಶ್ ಆಗಿರಬಹುದು. ದೋಣಿಯ ಹಗ್ಗದ ಮೇಲೂ ಕುಟುಕುವ ಜೀವಿಗಳು ಬೆಳೆದಿರುತ್ತವೆ, ಬರಿಗೈಯಿಂದ ಹಿಡಿಯಬೇಡಿ. ಮೇಲೇರುವಾಗ ತಲೆಯೆತ್ತಿ ನೋಡಿ, ಮರಳಿನ ತಳದಲ್ಲಿ ಕಾಲನ್ನು ಎತ್ತಿಡದೆ ಎಳೆಯುತ್ತ ನಡೆದರೆ ತೊರಕೆ ಸರಿದುಹೋಗುತ್ತದೆ. ಎಷ್ಟೇ ಚೆಂದವಿದ್ದರೂ ಜೀವಂತ ಶಂಖವನ್ನು ಎತ್ತಬೇಡಿ, ದಡದಲ್ಲಿ ಸತ್ತುಬಿದ್ದ ಜೆಲ್ಲಿಮೀನನ್ನೂ ಮುಟ್ಟಬೇಡಿ. ದೋಣಿ ಹೊರಡುವ ಮುಂಚೆ ವಿನೆಗರ್, ಫ್ಲಾಸ್ಕಿನಲ್ಲಿ ಬಿಸಿನೀರು, ಚಿಮಟ, ಉದ್ದನೆಯ ಇಲಾಸ್ಟಿಕ್ ಬ್ಯಾಂಡೇಜು, ಆಮ್ಲಜನಕದ ಸಿಲಿಂಡರ್ ಇವೆಯೇ ಎಂದು ಸಂಕೋಚವಿಲ್ಲದೆ ಕೇಳಿ.